ಆಯಿ ಕೂಗದ ಗ್ರಹಣ

ಮಾನ್ವಿಯ ಆ ಮನೆಯಲ್ಲಿ ಒಳಗಿನ ಜಾಗಕ್ಕಿಂತ ಮೇಲಿನ ಜಾಗವೇ ಹೆಚ್ಚು. ಕೆಳಗೆ ಒಂದು ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ, ಪಕ್ಕದಲ್ಲಿ ಜೋಳದ ಚೀಲಗಳೂ ಆಯಿಯ ಹಾಸಿಗೆಯೂ ಜಾಗಕ್ಕಾಗಿ ಒತ್ತಾಡುತ್ತಿದ್ದ ಒಂದು ಸಣ್ಣ ಕೋಣೆ. ಮಾಳಿಗೆ ಮಾತ್ರ ಇಡಿಯಾಗಿ ನಮ್ಮದು. ನಿಚ್ಚಣಿಕೆ ಹತ್ತಿ ಮೇಲೆ ಬಂದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆಯ ತನಕ ಬಯಲು. ಬೇಸಿಗೆಯಲ್ಲಿ ನಮ್ಮ ಊಟ, ನಿದ್ದೆ, ಅವ್ವನ ಶ್ಯಾವಿಗೆ ಸಂಡಿಗೆ, ಅಪ್ಪ ಉತ್ತರ ಪತ್ರಿಕೆ ತಿದ್ದುವುದು ಎಲ್ಲ ಅಲ್ಲಿಯೇ. ಮಣ್ಣಿನ ಮಾಳಿಗೆಯಾದ್ದರಿಂದ ಯಾರಾದರೂ ಜೋರಾಗಿ ನಡೆದರೆ ಕೆಳಗೆ ಒಲೆಯ ಮೇಲೆ ಮಣ್ಣು ಉದುರುತ್ತಿತ್ತು. ಹೊಗೆ ಹೋಗಲು ಅಲ್ಲಿ ಒಂದು ಬೆಳಕಿಂಡಿ ಇತ್ತು. ಅವ್ವ ಅದರೊಳಗಿಂದಲೇ ನಮ್ಮನ್ನು ಗದರುತ್ತಿದ್ದಳು. ಮೊದಲು ಹೊಗೆ ಬರುತ್ತಿತ್ತು, ಹಿಂದೆಯೇ ಅವಳ ದನಿ.

"ಯಾರ್ಬೇ ಮ್ಯಾಲ ಕುಣಿಯಾಕತ್ತಿದ್ದು? ಸಾರಿನ್ಯಾಗ ಮಣ್ಣು ಬಿತ್ತು ನೋಡು!"

ನಾನು ಕುಣಿಯುತ್ತಿರಲಿಲ್ಲ. ಮಾಳಿಗೆಯ ಮೋಟುಗೋಡೆಯ ಮೇಲೆ ಸುಣ್ಣದ ಗುರುತು ಹಾಕುತ್ತಿದ್ದೆ. ಆ ದಿನ ಚಂದ್ರ ಹುಟ್ಟಿದ್ದು ಯಾವ ಜಾಗದಲ್ಲಿ, ನಿನ್ನೆಗಿಂತ ಎಷ್ಟು ಸರಿದಿದೆ ಎಂಬುದಕ್ಕೆ ಒಂದೊಂದು ಗೆರೆ. ಕೆಳಗಿಳಿದ ಮೇಲೆ ಅದನ್ನು ದಿನಚರಿಗೆ ಸೇರಿಸುತ್ತಿದ್ದೆ. ನನ್ನ ದಿನಚರಿಯಲ್ಲಿ ಆಗ ಎಲ್ಲವೂ ಒಂದೇ ಅಳತೆಯಲ್ಲಿ ಇರುತ್ತಿದ್ದವು: ತಾರೀಖು, ಅಡುಗೆ ಏನು, ಯಾರು ಬಂದರು, ಯಾರಿಗೆ ಯಾರ ಮೇಲೆ ಸಿಟ್ಟು, ಚಂದ್ರ ಎಲ್ಲಿ. ಮಲಗುವ ಮುಂಚೆ ಅದನ್ನು ಆಯಿಗೆ ಓದಿ ಹೇಳುವುದು ನಮ್ಮಿಬ್ಬರ ಪದ್ಧತಿ. ಆಯಿ ಎಂದರೆ ಅಪ್ಪನ ತಾಯಿ. ಓದಲು ಬಾರದ ಆಕೆ ನನ್ನ ಬರಹದ ಮೊದಲ ಪರೀಕ್ಷಕಿ. "ಬ್ಯಾಳಿ ಅಂತ ಬರದೀಯಲ್ಲ, ಇವತ್ತು ಪುಂಡಿಪಲ್ಯ ಇತ್ತು. ಹೊಡಿ ಕಾಟು," ಎನ್ನುತ್ತಿದ್ದಳು. ನಾನು ಕಾಟು ಹೊಡೆದು ತಿದ್ದುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಕಂಡಂತೆ ಬರೆಯಬೇಕೆಂಬ ಶಿಸ್ತು ನನಗೆ ಬಂದದ್ದು ಶಾಲೆಯಿಂದಲ್ಲ, ಜೋಳದ ಚೀಲಗಳ ಪಕ್ಕದ ಆ ಹಾಸಿಗೆಯಿಂದ.

ಅಪ್ಪ ಮಾಸ್ತರ. ದೇವದುರ್ಗದ ನಮ್ಮ ಕೇರಿಯಿಂದ ಶಾಲೆಯ ಕುರ್ಚಿಯ ಮೇಲೆ ಕೂತವರಲ್ಲಿ ಅವನೇ ಮೊದಲಿಗ. ಬೌದ್ಧನಾದ ಮೇಲೆ ಪಡಸಾಲೆಯ ಗೋಡೆಗೆ ಬುದ್ಧನ ಪಟವೊಂದನ್ನು ಬಿಟ್ಟು ಬೇರೇನೂ ತೂಗುಹಾಕಗೊಡಲಿಲ್ಲ; ನನಗೆ ಯಶೋಧರಾ ಎಂದು ಹೆಸರಿಟ್ಟ. ಮಾನ್ವಿಗೆ ವರ್ಗವಾದಾಗ ಕೇರಿಯ ಹೊರಗೇ ಮನೆ ಹಿಡಿಯುತ್ತೇನೆಂದು ಹಟ ಹಿಡಿದು, ಹೆಸರು ಕೇಳಿ, ಊರು ಕೇಳಿ, ಕಡೆಗೆ ಕೇರಿ ಕೇಳಿ ಬಾಗಿಲು ಹಾಕಿಕೊಂಡವರನ್ನೆಲ್ಲ ದಾಟಿ ಈ ಓಣಿಯಲ್ಲಿ ಮನೆ ಮಾಡಿದ್ದ. ಅವನ ಶಾಲೆಯ ಮಕ್ಕಳು ಇದೇ ಓಣಿಯವರು. ಬೆಳಿಗ್ಗೆ ಅವನು ಹೊರಟರೆ ಕಟ್ಟೆಯ ಮೇಲಿದ್ದ ಹುಡುಗರು ಎದ್ದು ನಿಲ್ಲುತ್ತಿದ್ದರು. ಆ ಎದ್ದು ನಿಲ್ಲುವುದನ್ನು ಅಪ್ಪ ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಒಗೆದ ಅಂಗಿ ಒಣಗಿರದಿದ್ದರೆ ಹಸಿಯದನ್ನೇ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದನೇ ಹೊರತು ಮಾಸಿದ ಅಂಗಿಯಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ.

ನಮ್ಮ ಮನೆಯ ಜಗಳವೆಲ್ಲ ಗ್ರಹಣದ್ದು. ದೇವದುರ್ಗದಲ್ಲಿ ಚಂದ್ರನಿಗೆ ಗ್ರಹಣ ಹಿಡಿದರೆ ನಮ್ಮ ಕೇರಿಯ ಹೆಂಗಸರು ಚೀಲ, ಮೊರ ತೆಗೆದುಕೊಂಡು ಊರೊಳಗೆ ಹೊರಡುತ್ತಿದ್ದರು. "ಬಿಡಲಿ ಬಿಡಲಿ ಗಿರಾಣಾ, ದಾನ ನೀಡ್ರೆವ್ವಾ ದಾನಾ" ಎಂದು ಕೂಗಿದರೆ ಬಾಗಿಲು ತೆರೆದು ಜೋಳ, ಎಳ್ಳು, ಹಳೆಯ ಸೀರೆ, ಹಳೆಯ ಕಂಬಳಿ ಹಾಕುತ್ತಿದ್ದರು. ಆಯಿಗೆ ಅವಳ ಪಾಲಿನ ಓಣಿಗಳಿದ್ದವು. ಅಲ್ಲಿ ಬೇರೆಯವರು ಕಾಲಿಡುತ್ತಿರಲಿಲ್ಲ. ನಮ್ಮ ಕೂಗಿನಿಂದಲೇ ಚಂದ್ರನ ಬಿಡುಗಡೆ ಎಂಬುದು ಅವಳಿಗೆ ನಂಬಿಕೆ ಎನ್ನುವುದಕ್ಕಿಂತ ಹೆಚ್ಚಿನದು. ಅದು ಅವಳ ಕಸುಬು. ಮಾನ್ವಿಗೆ ಬಂದ ಹೊಸದರಲ್ಲೇ ಅಪ್ಪ, ಈ ಮನೆಯಿಂದ ಯಾರೂ ಗ್ರಹಣದ ಕಾಳಿಗೆ ಹೋಗಕೂಡದೆಂದು ಹೇಳಿಬಿಟ್ಟ. ಊಟಕ್ಕೆ ಕೂತಾಗ ಈ ಮಾತು ಬಂದರೆ ಸಾರು ಆರುವ ತನಕ ನಡೆಯುತ್ತಿತ್ತು.

"ಯವ್ವಾ, ಅದು ಭಿಕ್ಷಾ."

"ಭಿಕ್ಷಾದವ್ರು ದಿನಾ ಬರ್ತಾರ. ನಾ ಗಿರಾಣ ಹಿಡದಾಗಷ್ಟ ಹೋಗಾಕಿ. ಅದು ನಮ್ಮ ಹಕ್ಕದ."

"ಹಕ್ಕಂದ್ರ ಹಳೇ ಸೀರಿ ಯಾಕ ಹಾಕ್ತಾರ? ಹೊಸಾದು ಹಾಕಲಿ."

"ಹುಚ್ಚಪ್ಪಾ, ಚಂದಪ್ಪಗ ಹಿಡದ ಪೀಡಾ ಹಳೇದರ ಜೋಡಿ ಹೋಗಬೇಕೋ."

"ಹೋಗಿ ಎಲ್ಲಿಗಿ ಬಂತದು? ನಮ್ಮನಿಗಿ ಬಂತು."

"ಬಂತು. ಬಂದು ಏನಾತು? ನೀ ಮಾಸ್ತರ ಆಗ್ಲಿಲ್ಲೇನು?"

ಇಲ್ಲಿಗೆ ಅಪ್ಪ ತಟ್ಟೆ ಸರಿಸಿ ಏಳುತ್ತಿದ್ದ. ನಾನು ಅಪ್ಪನ ಪಕ್ಷ, ಆದರೆ ಮಲಗುತ್ತಿದ್ದುದು ಆಯಿಯ ಪಕ್ಕ. ಹಾಗಾಗಿ ಎರಡನೆಯ ಸುತ್ತು ಕತ್ತಲೆಯ ಕೋಣೆಯಲ್ಲಿ ನನ್ನ ಜೊತೆ ನಡೆಯುತ್ತಿತ್ತು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ, ತಾನಾಗಿ ಸರಿಯುತ್ತದೆ ಎಂದು ನಾನು ಹೇಳಿದರೆ ಆಯಿ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಬಿಡುವ ವೇಳೆ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತದಲ್ಲ, ನೀವು ಕೂಗಿದರೇನು ಬಿಟ್ಟರೇನು ಎಂದು ಕೇಳಿದೆ.

"ನಮ್ಮ ಮಂದಿ ಯಾವಾಗ ಕೂಗ್ತಾರಂತ ಪಂಚಾಂಗದವಗ ಗೊತ್ತಿರ್ತದಬೇ. ಅದನ್ನ ತಿಳ್ಕೊಂಡ ಬರದಿರ್ತಾನ," ಎಂದಳು.

ಗ್ರಹಣ ಹಿಡಿದಾಗ ನೀರಿನ ಪರಾತದಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎಂಬುದು ಅವಳ ಇನ್ನೊಂದು ಸಾಕ್ಷಿ. ಹುಣ್ಣಿಮೆಯೂ ಅಮಾವಾಸ್ಯೆಯೂ ಅಲ್ಲದ ಒಂದು ಮಂಗಳವಾರ ನಾನು ಒನಕೆಯನ್ನು ಪರಾತದಲ್ಲಿ ನಿಲ್ಲಿಸಿ ಕರೆದು ತೋರಿಸಿದೆ. ಆಯಿ ಅದರ ಸುತ್ತ ಒಂದು ಸುತ್ತು ಬಂದು ಹೇಳಿದಳು: "ನೀ ನಿಲ್ಲಿಸಿದಿ. ಅದು ನಿಲ್ಲಲಿಲ್ಲ." ಬಾಯಿಮಾತಿನಿಂದ ಇವಳನ್ನು ಗೆಲ್ಲಲಾಗದು, ಕಣ್ಣಿಗೆ ತೋರಿಸಬೇಕು ಎಂದು ನನಗೆ ಅಂದೇ ಖಾತ್ರಿಯಾಯಿತು. ಫೋಟೊದ ಯೋಚನೆ ಹುಟ್ಟಿದ್ದು ಹೀಗೆ.

ಅಪ್ಪನ ಜೊತೆ ಓದಿದ ಖಾದರ ಚಾಚಾ ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದರು. ಅವರು ಬಳಸದೆ ಮೂಲೆಗಿಟ್ಟಿದ್ದ ಡಬ್ಬಿ ಕ್ಯಾಮೆರಾವನ್ನು ನನಗೆ ಕೊಟ್ಟರು. ಅದರಲ್ಲಿ ಚಂದ್ರ ಸಾಸಿವೆ ಕಾಳಿನಷ್ಟೇ ಬರುತ್ತಿದ್ದ. ಆದರೆ ಆ ಡಬ್ಬಿಗೆ ಒಂದು ಗುಣವಿತ್ತು: ಫಿಲ್ಮು ತಿರುಗಿಸದೆಯೇ ಒಂದೇ ಚೌಕಟ್ಟಿನ ಮೇಲೆ ಎಷ್ಟು ಸಲ ಬೇಕಾದರೂ ಗುಂಡಿ ಒತ್ತಬಹುದಿತ್ತು. ಬೇರೆಯವರಿಗೆ ಅದು ದೋಷ, ಒಬ್ಬರ ಮುಖದ ಮೇಲೆ ಇನ್ನೊಬ್ಬರ ಮುಖ ಬಂದುಬಿಡುತ್ತದೆ. ನನಗೆ ಬೇಕಾದದ್ದೇ ಅದು. ಕ್ಯಾಮೆರಾ ಅಲುಗದಂತೆ ಕಟ್ಟಿಟ್ಟು ಐದೈದು ನಿಮಿಷಕ್ಕೊಮ್ಮೆ ಒತ್ತುತ್ತ ಹೋದರೆ ಚಂದ್ರ ಆಕಾಶದಲ್ಲಿ ಸರಿದಂತೆಲ್ಲ ಒಂದರ ಪಕ್ಕ ಒಂದು ಬಂದು, ಹೇಗೆ ಕ್ಷೀಣಿಸಿದ, ಹೇಗೆ ಬಿಡುಗಡೆಯಾದ ಎಂಬುದು ಒಂದೇ ಪಟದಲ್ಲಿ ಮಣಿಸರದಂತೆ ಮೂಡುತ್ತದೆ. ಸ್ಟ್ಯಾಂಡಿಗೆ ಒನಕೆಯನ್ನೇ ತೆಗೆದುಕೊಂಡೆ. ಹಸಿ ಉಸುಕು ತುಂಬಿದ ತಗಡಿನ ಡಬ್ಬದಲ್ಲಿ ಅದನ್ನು ನೆಟ್ಟು, ತುದಿಗೆ ಓರೆಯಾಗಿ ಕಟ್ಟಿಗೆಯ ತುಂಡು ಕೊಟ್ಟು ಕ್ಯಾಮೆರಾವನ್ನು ಹುರಿಯಿಂದ ಬಿಗಿದೆ. ಇಲ್ಲಿನ ಕೇರಿಯ ಕೂಗು ಕೇಳಿದಾಗಲೂ ಕೇಳದಾಗಲೂ ಚಂದ್ರ ಒಂದೇ ನಡಿಗೆಯಲ್ಲಿ ಬಿಡುತ್ತಾನೆ ಎಂದು ತೋರಿಸುವುದು ನನ್ನ ಲೆಕ್ಕ.

ಶೀಗಿ ಹುಣ್ಣಿಮೆಯ ರಾತ್ರಿ ಆ ಗ್ರಹಣ ಬಂತು. ಊಟದ ಹೊತ್ತು ಮುಗಿದ ಮೇಲೆ ಹಿಡಿಯುವುದಾದರೂ ಅಪ್ಪ ಹಟದಿಂದ ಅವ್ವನಿಗೆ ಗ್ರಹಣ ಹಿಡಿದಾಗಲೇ ರೊಟ್ಟಿ ಬಡಿಯಲು ಹೇಳಿ, ಚಂದ್ರ ಅರ್ಧ ಕರಗಿದ್ದಾಗ ಮಾಳಿಗೆಯ ಮೇಲೆ ಕೂತು, ಓಣಿಯವರಿಗೆಲ್ಲ ಕಾಣುವಂತೆ ಉಂಡ. ಆಯಿ ಉಪವಾಸ. ಒಳಗೆ ಮಲಗಿರುತ್ತೇನೆ ಎಂದಿದ್ದಳು. ನಾನು ಗಡಿಯಾರ ನೋಡುತ್ತ ಗುಂಡಿ ಒತ್ತುತ್ತಿದ್ದೆ. ಚಂದ್ರ ಪೂರ್ತಿ ಮುಳುಗಿ ತಾಮ್ರದ ಬಿಲ್ಲೆಯಾದ ಹೊತ್ತಿಗೆ ಓಣಿಯ ತುದಿಯಿಂದ ಆ ಕೂಗು ಕೇಳಿಸಿತು. ಹಲವು ದನಿಗಳಲ್ಲ, ಒಂದೇ ದನಿ. "ದಾನ ನೀಡ್ರೆವ್ವಾ ದಾನಾ." ನಾನು ಅಪ್ಪನ ಕಡೆ ನೋಡಿದೆ. ಅವನ ಕೈಯಲ್ಲಿ ರೊಟ್ಟಿ ಇತ್ತು. ಒಂದೊಂದಾಗಿ ಬಾಗಿಲು ತೆರೆಯುವ ಸಪ್ಪಳ ನಮ್ಮ ಮನೆಯ ಕಡೆ ಬರುತ್ತ ಬಂತು, ನಮ್ಮ ಬಾಗಿಲ ಮುಂದೆ ಮಾತ್ರ ಸುಮ್ಮನಾಗಿ, ಆಚೆಯ ಮನೆಯಿಂದ ಮತ್ತೆ ಶುರುವಾಯಿತು.

ಮರುದಿನ ಅಪ್ಪನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ಯಾವ ಕುಹಕವೂ ಇಲ್ಲದೆ, ಸುದ್ದಿ ಹೇಳುವವನಂತೆ ಹೇಳಿದನಂತೆ: "ಸರ್, ನಿನ್ನಿ ನಿಮ್ಮವ್ವ ನಮ್ಮನಿಗಿ ಬಂದಿದ್ಲ್ರಿ. ನಮ್ಮವ್ವ ಕಂಬಳಿ ಹಾಕ್ಯಾಳ್ರಿ." ಅಪ್ಪ ಅದನ್ನು ನಮಗೆ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ, ಅಷ್ಟೇ ಸಮದನಿಯಲ್ಲಿ. ಆಮೇಲೆ ಆಯಿಯ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದ.

"ಇನ್ನೊಂದು ಗ್ರಹಣಕ್ಕ ಈ ಮನಿಯಿಂದ ಯಾರರ ಚೀಲ ಹಿಡದು ಹೊರಗ ಬಿದ್ರ, ಮರುದಿನ ನಾನ ದೇವದುರ್ಗದ ಬಸ್ ಹತ್ತಿಸಿ ಬರ್ತೀನಿ. ಮತ್ತ ಕರಿಯಾಕ ಹೋಗಂಗಿಲ್ಲ."

ದೇವದುರ್ಗದಲ್ಲಿ ಆಯಿಗೆ ಉಳಿದಿದ್ದು ಬೀಗ ಹಾಕಿದ ಒಂದು ಕೋಣೆ. ಅಪ್ಪ ಮಾತಿಗೆ ತಪ್ಪುವವನಲ್ಲ, ಆಯಿ ಕೂಗದೆ ಇರುವವಳಲ್ಲ. ಮುಂದಿನ ಗ್ರಹಣಕ್ಕೆ ಈ ಮನೆಯಲ್ಲಿ ಆಯಿ ಇರುತ್ತಾಳೋ ಇಲ್ಲವೋ ಎಂಬುದು ಈಗ ನನ್ನ ಫೋಟೊದ ಮೇಲೆ ನಿಂತಿದೆ ಎಂದು ನಾನು ಲೆಕ್ಕ ಹಾಕಿದೆ. ಫೋಟೊ ನೋಡಿದರೆ ಆಯಿ ಒಪ್ಪುತ್ತಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ರೋಲನ್ನು ಖಾದರ ಚಾಚಾಗೆ ಕಳಿಸಿದ್ದಾಗಿತ್ತು. ದೀಪಾವಳಿಯ ರಜೆಯಲ್ಲಿ ಅಪ್ಪನ ಜೊತೆ ರಾಯಚೂರಿನ ಬಸ್ಸು ಹತ್ತಿದೆ.

ಚಾಚಾ ಚಹಾ ತರಿಸಿ, ಗಲ್ಲಾಪೆಟ್ಟಿಗೆಯಿಂದ ಲಕೋಟೆ ತೆಗೆದು, ಮಗಳ ಮದುವೆಯ ಫೋಟೊ ಕೊಡುವವರಂತೆ ನನ್ನ ಮುಂದೆ ಇಟ್ಟರು. ಕಪ್ಪನೆಯ ಆಕಾಶ. ಒಂದು ಮೂಲೆಯಲ್ಲಿ ಒಂದೇ ಒಂದು ಚಂದ್ರ, ದುಂಡಗೆ, ಪೂರ್ತಿ.

"ಚಾಚಾ, ಉಳಿದಾವು ಎಲ್ಲಿ?"

"ಯಾವು ಬೇಟಿ?"

"ಒಂದು ಸಾಲು ಚಂದ್ರ ಇರಬೇಕಿತ್ತಲ್ರಿ!"

"ಅರೇ, ಅವು ಚುಕ್ಕಿ ನೀ ಹೊಡದಿದ್ದೇನು?" ಚಾಚಾ ತಲೆಯ ಮೇಲೆ ಕೈಯಿಟ್ಟುಕೊಂಡರು. "ಆಕಾಶಕ್ಕ ಸಿಡುಬು ಎದ್ದಾಂಗ ಇತ್ತವ್ವಾ! ನೆಗೆಟಿವ್‌ನ್ಯಾಗ ಸಾಲು ಹಿಡದು ಕಲೆ ಬಿದ್ದಿದ್ವು. ಫಿಲ್ಮು ಹಾಳಾಗ್ಯಾದಂತ ಮಾಡಿ, ಮಾಸ್ತರನ ಮಗಳದ್ದು ಅಂತ, ರಾತ್ರಿ ಕುಂತು ಒಂದೊಂದ ಬ್ಲೇಡಿಲೆ ಕೆರದು ತಗದೀನಿ. ಛಲೋ ಇದ್ದ ಚಂದ್ರ ಒಂದು ಬಿಟ್ಟೀನಿ ನೋಡು."

ಚಾಚಾ ಟಚಿಂಗ್ ಕೆಲಸದಲ್ಲಿ ಹೆಸರಾದವರು. ಮದುವೆಗೆ ಕಳಿಸುವ ಹುಡುಗಿಯರ ಫೋಟೊದಲ್ಲಿ ಮುಖದ ಕಲೆ, ಸಿಡುಬಿನ ಗುರುತು ಯಾವುದೂ ಉಳಿಯದಂತೆ ನೆಗೆಟಿವ್ ತಿದ್ದುವುದೇ ಅವರ ಸ್ಟುಡಿಯೊದ ಕೀರ್ತಿ. ಆ ಕೈ ನನ್ನ ಗ್ರಹಣವನ್ನೂ ಹಾಗೆಯೇ ನಯಗೊಳಿಸಿತ್ತು. ಅಪ್ಪ ಮೊದಲು ನನ್ನ ಮುಖ ನೋಡಿದ, ಆಮೇಲೆ ಚಾಚಾನ ಮುಖ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಶೀಗಿ ಹುಣ್ಣಿಮೆಯಿಂದೀಚೆಗೆ ಅವನು ನಕ್ಕದ್ದು ಅದೇ ಮೊದಲು. ಚಾಚಾ ಒಂದು ಹೊಸ ರೋಲು ಕೊಟ್ಟು, ಮುಂದಿನ ಸಲ ಬ್ಲೇಡು ಮುಟ್ಟುವುದಿಲ್ಲವೆಂದು ಕಿವಿ ಹಿಡಿದುಕೊಂಡರು. ನಾನು ಅಳಲಿಲ್ಲ. ಬಸ್ಸಿನಲ್ಲಿ ಕೂತು, ಗುಂಡಿ ಒತ್ತಿದ ವೇಳೆಗಳನ್ನು ಇನ್ನೊಮ್ಮೆ ಓದಿಕೊಂಡು, ವಿಧಾನ ಸರಿಯಿದೆ, ತೊಳೆಯುವಲ್ಲಿ ತಪ್ಪಾಗಿದೆ ಎಂದು ಬರೆದುಕೊಂಡೆ.

ಆದರೆ ಆ ಫೋಟೊ ಮನೆಯಲ್ಲಿ ನನಗೆ ವಿರುದ್ಧವಾಗಿಯೇ ಸಾಕ್ಷಿ ಹೇಳಿತು. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದರಾಗ ಗಿರಾಣ ಎಲ್ಲದ?"

"ಅಳಿಸಿ ಹೋಗ್ಯಾದ ಆಯಿ."

"ಅಳಿಸಿ ಹೋಗಿಲ್ಲ, ಬಿಟ್ಟು ಹೋಗ್ಯಾದ. ನಾ ಕೂಗಿದ್ದೇನು ಸುಳ್ಳಾ? ಹ್ಯಾಂಗ ದುಂಡಗ ಬಂದಾನ ನೋಡು ನನ್ನಪ್ಪ!"

ಅದನ್ನು ತನ್ನ ಸಂಚಿಯಲ್ಲಿಟ್ಟುಕೊಂಡು, ಅಡಿಕೆ ತೆಗೆಯುವಾಗಲೆಲ್ಲ ಅಪ್ಪನಿಗೆ ಕಾಣುವಂತೆ ಹೊರಗೆ ತೆಗೆಯುತ್ತಿದ್ದಳು.

ಮುಂದಿನ ಗ್ರಹಣ ಯುಗಾದಿಯಾದ ಮೇಲೆ, ದವನದ ಹುಣ್ಣಿಮೆಗೆ. ಹೊಸ ಪಂಚಾಂಗ ಬಂದ ದಿನವೇ ನಾನು ಆ ಪುಟ ತೆರೆದೆ. ಗ್ರಸ್ತೋದಯ ಎಂದಿತ್ತು. ಎಂದರೆ ಚಂದ್ರ ಹುಟ್ಟುವಾಗಲೇ ಗ್ರಹಣದಲ್ಲಿ ಹುಟ್ಟುತ್ತಾನೆ. ಹಿಡಿಯುವುದೆಲ್ಲ ಹಗಲಿನಲ್ಲಿ, ನಮ್ಮ ದಿಗಂತದ ಕೆಳಗಡೆಯೇ ಆಗಿಹೋಗಿರುತ್ತದೆ. ವೇಳೆಗಳನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ಬೇಕಾದದ್ದು ಕೈಗೆ ಸಿಕ್ಕಿತು. ಚಂದ್ರ ಮೇಲೆ ಬಂದ ಸ್ವಲ್ಪ ಹೊತ್ತಿಗೇ, ಇನ್ನೂ ಸಂಜೆಯ ಬೆಳಕು ಇರುವಾಗಲೇ, ಬಿಡುವುದು ಶುರುವಾಗುತ್ತದೆ. ಕಪ್ಪಾದ ಚಂದ್ರ ಆ ಬೆಳಕಿನಲ್ಲಿ ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಇಲ್ಲಿನ ಕೇರಿಯಲ್ಲಿ ಯಾರೂ ಕೂಗುವುದಿಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆಗಲೇ ಬಿಡುತ್ತಿರುತ್ತದೆ. ಇದಕ್ಕಿಂತ ಶುದ್ಧವಾದ ಪರೀಕ್ಷೆ ಇನ್ನೊಂದಿಲ್ಲ. ಅಂದು ರಾತ್ರಿ ಹಾಸಿಗೆಯಲ್ಲಿ ಆಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

ಆಯಿ ಬಹಳ ಹೊತ್ತು ಎಲೆ ಜಗಿದಳು.

"ಯಾರೂ ಕೂಗಲಾರದ ಬಿಡ್ತಾನಂತೀ?"

"ಬಿಡ್ತಾನ."

"ನಾ ಮಾಳಿಗಿ ಮ್ಯಾಲ ನಿನ್ನ ಬಾಜೂಕ ಕುಂಡ್ರತೀನಿ. ಕೂಗಿಲ್ಲದ ಬಿಟ್ಟದ್ದು ಕಂಡ್ರ ನಾ ಮತ್ತ ಚೀಲ ಹಿಡ್ಯಂಗಿಲ್ಲ. ಕಾಣಲಿಲ್ಲಂದ್ರ ಕೂಗ್ತೀನಿ, ಹೋಗ್ತೀನಿ. ಆವಾಗ ನಿಮ್ಮಪ್ಪ ಬಸ್ಸಿಗಿ ಹಾಕ್ಲಿ, ಬಂಡಿಗಿ ಹಾಕ್ಲಿ."

ಷರತ್ತು ಕೇಳಿದ ಅಪ್ಪ ಬೇಡ ಎನ್ನಲಿಲ್ಲ, ಅಷ್ಟೇ.

ಆ ಸಂಜೆಯ ಫೋಟೊ ಚೆನ್ನಾಗಿಯೇ ಬಂತು. ಅರ್ಧ ಚಂದ್ರನಿಂದ ತುಂಬು ಚಂದ್ರನವರೆಗೆ ಒಂದು ಸಾಲು, ಹೊಳೆಯ ಕಡೆಯ ಬಯಲಿನಿಂದ ಮೇಲಕ್ಕೆ ಓರೆಯಾಗಿ ಹತ್ತಿ ಹೋಗಿದೆ. ಆಮೇಲೆ ನಾನು ಒಳ್ಳೆಯ ಕ್ಯಾಮೆರಾಗಳಿಂದ ತೆಗೆದ ಗ್ರಹಣಗಳ ಪೈಕಿಯೂ ಅದಕ್ಕೆ ಜಾಗವಿದೆ. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹೇಳಬೇಕಾದದ್ದು ಆ ಫೋಟೊದಲ್ಲಿ ಇಲ್ಲ. ಆಕಾಶ ಕಪ್ಪಾಗುವ ಮುಂಚೆ ಗುಂಡಿ ಒತ್ತಿದರೆ ಇಡೀ ಚೌಕಟ್ಟು ಬೆಳ್ಳಗಾಗಿಬಿಡುತ್ತದೆ. ಹಾಗಾಗಿ ಮೊದಲ ಅರ್ಧ ತಾಸು ನಾನು ಬರಿಗಣ್ಣಿನಿಂದಷ್ಟೇ ನೋಡಬೇಕಾಗಿತ್ತು.

ಬಿಸಿಲು ಇಳಿದರೂ ಮಾಳಿಗೆಯ ಮಣ್ಣು ಕಾದೇ ಇತ್ತು. ಅವ್ವ ನೀರು ಚಿಮುಕಿಸಿ ಹೋಗಿದ್ದಳು. ಅಪ್ಪ ಬೇಕೆಂದೇ ಕೆಳಗೆ ಪಡಸಾಲೆಯಲ್ಲಿ ಉಳಿದ. ಆಯಿ ಮೋಟುಗೋಡೆಗೆ ಬೆನ್ನು ಕೊಟ್ಟು, ಮಡಿಚಿದ ಗೋಣಿಚೀಲದ ಮೇಲೆಯೇ ಕೂತಳು. ಒನಕೆಯ ತುದಿಯ ಕ್ಯಾಮೆರಾವನ್ನು ನಾನು ಹಿಂದಿನ ದಿನಗಳ ಸುಣ್ಣದ ಗುರುತಿನಿಂದ ಅಂದಾಜು ಮಾಡಿದ ಜಾಗಕ್ಕೆ ತಿರುಗಿಸಿಟ್ಟಿದ್ದೆ. ಸೂರ್ಯ ಗುಡ್ಡದ ಹಿಂದೆ ಇಳಿದ. ಪಂಚಾಂಗದ ಪ್ರಕಾರ ಚಂದ್ರ ಹುಟ್ಟಿಯಾಗಿತ್ತು. ಮೂಡಣದಲ್ಲಿ ಏನೂ ಇರಲಿಲ್ಲ. ಬೇಸಿಗೆಯ ಧೂಳು ದಿಗಂತದುದ್ದಕ್ಕೂ ಬೂದಿಬಣ್ಣದ ಪಟ್ಟಿಯಾಗಿ ನಿಂತಿತ್ತು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಧೂಳಿನಿಂದಾಗಿ ಆ ಮೊದಲ ಎಳೆ ನಮಗೆ ಕಾಣದೆ, ಅಷ್ಟರಲ್ಲಿ ಕೇರಿಯಲ್ಲಿ ಯಾರೋ ಪಂಚಾಂಗ ಕೇಳಿದವರು ಕೂಗಿಬಿಟ್ಟರೆ ಎಲ್ಲವೂ ಕೈಬಿಟ್ಟು ಹೋಗುತ್ತದೆ. ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಪಕ್ಕದ ಮನೆಯವಳು ತನ್ನ ಮಾಳಿಗೆಯಿಂದ ಕೇಳಿದಳು.

"ಯಶೋಧರಾ, ಚಂದಪ್ಪ ಯಾಕ ಹುಟ್ಟವಲ್ಲ?"

"ಹುಟ್ಟ್ಯಾನ್ರಿ ಅತ್ತೀ. ಕಾಣವಲ್ಲ."

"ಕಾಣಲಿಲ್ಲಂದ್ರ ಹುಟ್ಟ್ಯಾನಂತ ಹ್ಯಾಂಗಂತೀ?" ಎಂದವಳು ಆಯಿಯಲ್ಲ, ಪಕ್ಕದ ಮನೆಯವಳೇ.

ನಾನು ದಿಗಂತದ ಅಂಚಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಗುರುತು ತಪ್ಪಿರಲಾರದು ಎಂದು ಅದನ್ನೇ ದಿಟ್ಟಿಸುತ್ತಿದ್ದೆ. ಕೆಳಗೆ ಎಲ್ಲಿಯೋ ನಾಯಿ ಬೊಗಳಿದರೆ ಕೂಗೆಂದು ಕಿವಿಗೊಡುತ್ತಿದ್ದೆ. ಆಗ ಆಯಿ ಎದ್ದಳು. ಚೀಲಕ್ಕಾಗಿ ಎದ್ದಳೆಂದೇ ಭಾವಿಸಿ ನಾನು "ಆಯೀ, ಇನ್ನಾ ಸ್ವಲ್ಪ" ಎಂದೆ. ಆಕೆ ನನ್ನ ಹಿಂದೆ ಬಂದು, ನನ್ನ ಗದ್ದ ಹಿಡಿದು ಮುಖವನ್ನು ಮೇಲಕ್ಕೆ ಎತ್ತಿದಳು.

"ಅಲ್ಲಿ ಕೆಳಗ ಏನ ಹುಡುಕಾಕತ್ತೀ? ಮ್ಯಾಲ ನೋಡು. ಆಗಳೇ ಬಂದು ನಿಂತಾನ."

ದಿಗಂತದಿಂದ ನಾಲ್ಕು ಬೆರಳು ಮೇಲೆ, ಕುಳ್ಳಿನ ಅಂಚಿಗೆ ಕೆಂಡ ಹತ್ತಿದ ಹಾಗೆ, ಚಂದ್ರನ ತಳದಲ್ಲಿ ಒಂದು ಎಳೆ ಬೆಳಗುತ್ತಿತ್ತು. ಧೂಳಿನ ಹಿಂದೆಯೇ ಹುಟ್ಟಿ, ಕಾಣದೆಯೇ ಏರಿ, ನಾನು ಹೊಸ್ತಿಲು ಕಾಯುತ್ತಿರುವಾಗ ಅವನು ಪಡಸಾಲೆಗೆ ಬಂದಾಗಿತ್ತು. ನಾನು ಗಡಿಯಾರ ನೋಡಿದೆ, ಬರೆದುಕೊಂಡೆ. ಕೇರಿಯ ಕಡೆ ಸದ್ದಿಲ್ಲ. ಓಣಿಯಲ್ಲಿ ಸದ್ದಿಲ್ಲ. ಬರೆದು ಮುಗಿಸಿದ ಮೇಲಷ್ಟೇ ನನಗೆ ಹೊಳೆಯಿತು. ಆಯಿ ಅದನ್ನು ನನಗಿಂತ ಮೊದಲೇ ಕಂಡಿದ್ದಳು. ಆ ಗಳಿಗೆಯಲ್ಲಿ ಒಂದು ಸಲ ಬಾಯಿ ತೆರೆದು ಕೂಗಿದ್ದರೆ ಸಾಕಿತ್ತು, ಅವಳ ಕೂಗಿಗೇ ಬಿಟ್ಟಿತೆಂದು ಇಡೀ ಓಣಿ ಸಾಕ್ಷಿ ಹೇಳುತ್ತಿತ್ತು, ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಅವಳು ನನ್ನ ಗದ್ದ ಹಿಡಿದು ತೋರಿಸಿದಳು.

ಎಳೆ ದಪ್ಪವಾದ ಮೇಲೆ ಪಕ್ಕದ ಮಾಳಿಗೆಯವರು ಕಂಡರು, ಆಮೇಲೆ ಓಣಿ ಕಂಡಿತು. ಎಲ್ಲರಿಗಿಂತ ಕೊನೆಗೆ ಕೇರಿಯ ಕಡೆಯಿಂದ ಕೂಗು ಎದ್ದಿತು. ಆಯಿ ಕಿವಿಗೊಟ್ಟು ಕೇಳಿದಳು.

"ಈಗ ಕಂಡ್ತು ಅವ್ರಿಗಿ. ತಡಾ ಮಾಡಿದ್ರು," ಎಂದಳು.

ಮಾತಿನಂತೆ ಆಮೇಲೆ ಯಾವ ಗ್ರಹಣಕ್ಕೂ ಆಯಿ ಚೀಲ ಹಿಡಿಯಲಿಲ್ಲ; ದೇವದುರ್ಗದ ಬಸ್ಸಿನ ಮಾತೂ ಮನೆಯಲ್ಲಿ ಮತ್ತೆ ಬರಲಿಲ್ಲ. ಆ ಸಂಜೆ ನಾನು ಗೆದ್ದಿದ್ದೆ, ಗೆದ್ದ ಹುರುಪಿನಲ್ಲಿಯೇ ಆಕಾಶ ಕಪ್ಪಾಗುವುದನ್ನು ಕಾದು ಗುಂಡಿ ಒತ್ತತೊಡಗಿದೆ. ಅಪ್ಪ ಮೇಲೆ ಬಂದದ್ದು ಚಂದ್ರ ಅರ್ಧಕ್ಕಿಂತ ಹೆಚ್ಚು ಬಿಟ್ಟ ಮೇಲೆ. ಅವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆಯಿ ಮಾಳಿಗೆಯ ಮೇಲೆಯೇ ಇದ್ದಾಳೆ ಎಂಬುದೇ ಸುದ್ದಿ. ಅವನು ಸದ್ದಾಗದಂತೆ ಬಂದು ಅವಳಿಂದ ತುಸು ದೂರ ಕೂತ. ಆಯಿ ಅವನ ಕಡೆ ತಿರುಗಲಿಲ್ಲ, ಚಂದ್ರನನ್ನೇ ನೋಡುತ್ತ ಕೇಳಿದಳು.

"ಹಂಗಾರ ಇಷ್ಟು ವರ್ಷ ನಾ ಕೂಗಿದ್ದು ಯಾವುದಕ್ಕೋ ಯಪ್ಪಾ?"

ಭೂಮಿ, ನೆರಳು, ಅದರ ನಡಿಗೆ ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಪ್ಪ ಕೈಯೆತ್ತಿ ನನ್ನನ್ನು ತಡೆದ. ಪಾಠ ಹೇಳುವ ದನಿಯಲ್ಲದ ಇನ್ನೊಂದು ದನಿಯಲ್ಲಿ ಮಾತಾಡಿದ.

"ಚಂದ್ರಗ ಅದು ಮುಟ್ಟಿಲ್ಲ ಯವ್ವಾ. ನನಗ ಮುಟ್ಟ್ಯಾದ. ಆ ಜ್ವಾಳದ ರೊಟ್ಟಿ ಕಟಗೊಂಡ ನಾ ಸಾಲಿಗಿ ಹೋಗೀನಿ."

"ಅದು ಗೊತ್ತದೇನು ನಿನಗ?"

"ಗೊತ್ತಿಲ್ಲಂತ ಯಾರಂದ್ರು?"

"ಯಾರಂದ್ರು! ನೀನ ಅಂದಿ. ದಿನಾ ಉಣ್ಣಾಗ ಅಂದಿ."

ಅಪ್ಪ ತಲೆ ತಗ್ಗಿಸಿದ. ಗೆದ್ದವಳು ನಾನಾದರೂ ಆ ಮಾಳಿಗೆಯ ಮೇಲೆ ನನಗೆ ಆಗ ಯಾವ ಕೆಲಸವೂ ಇರಲಿಲ್ಲ, ಗಡಿಯಾರ ನೋಡುವುದೊಂದನ್ನು ಬಿಟ್ಟು. ಆಯಿ ಏಳಲು ನೋಡಿದಳು. ಅಪ್ಪ ಅವಳಿಗೆ ಕೈ ಕೊಡಲು ಎದ್ದ.

"ಯಾರೂ ಏಳಬ್ಯಾಡ್ರಿ!" ಎಂದೆ. "ಮಾಳಿಗಿ ಅಲುಗ್ತದ. ಪೂರಾ ಬಿಟ್ಟಿಲ್ಲ ಇನ್ನಾ."

ಇಬ್ಬರೂ ಇದ್ದಲ್ಲಿಯೇ ಕೂತರು. ಗ್ರಹಣದಲ್ಲಿ ಉಣ್ಣುವುದನ್ನು ವ್ರತದಂತೆ ನಡೆಸುತ್ತಿದ್ದ ಅಪ್ಪ ಅಂದು ಉಂಡಿರಲಿಲ್ಲವೆಂದು ನನಗೆ ಆಗ ತಿಳಿಯಿತು. ನಾನು ಗುಂಡಿಯ ಮೇಲೆ ಬೆರಳಿಟ್ಟಾಗಲೆಲ್ಲ ಆಯಿ ಉಸಿರು ಹಿಡಿಯುತ್ತಿದ್ದಳು, ಅವಳನ್ನು ನೋಡಿ ಅಪ್ಪನೂ. ಕೊನೆಯ ಬಾರಿ ಒತ್ತಿ "ಆತು" ಎಂದೆ. ಅವ್ವ ಆಗಲೇ ಸಾಕಾಗಿ ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಚ್ಚಣಿಕೆ ಹತ್ತಿ ಬಂದಿದ್ದಳು.

"ನೀರು ಕಾದಾವ. ಜಳಕಾ ಯಾರು ಮೊದಲ ಮಾಡ್ತೀರಿ?"

"ಜಳಕಾ ಆಮ್ಯಾಲ," ಎಂದಳು ಆಯಿ. "ಮಾಸ್ತರ ಹಸದಾನ. ತಾ ಇಲ್ಲಿ."

ಬುಟ್ಟಿಯ ಬಟ್ಟೆ ಸರಿಸಿ, ಮೇಲಿನದನ್ನು ಬಿಟ್ಟು ಒಳಗಿನ ಬಿಸಿ ರೊಟ್ಟಿಯನ್ನು ಎಳೆದು ತೆಗೆದಳು. ತಟ್ಟೆ ಇನ್ನೂ ಕೆಳಗೇ ಇತ್ತು. ಅಪ್ಪ ಎರಡೂ ಕೈ ಒಡ್ಡಿದ.